ನಂಬರಿಲ್ಲದ ಹೆಂಚು

ಬೆಟಗೇರಿ
೨ ಜುಲೈ ೧೯೭೮

ಪ್ರೀತಿಯ ಅತ್ಯಾ ಅವರಿಗೆ,

ನಮಸ್ಕಾರ. ನಿನ್ನೆ ಸಂಜೆ ಬಂದು ಮುಟ್ಟಿದೆ. ನಿಮ್ಮ ಕೆರೆಯ ರಾಡಿ ಸೀರೆಯ ಅಂಚಿನಿಂದ ಇನ್ನೂ ಬಿಟ್ಟಿಲ್ಲ. ಖೋಲಿಯ ಮಾಲಕಿ ಅದನ್ನು ನೋಡಿ, "ಕಾಲೇಜಿನ್ಯಾಗ ಕಲಸೂ ಬಾಯಾರು ಎಮ್ಮಿ ಮೈ ತೊಳ್ಯಾಕ ಹೋಗಿದ್ರೇನ್ರಿ?" ಎಂದು ಕೇಳಿದಳು. ಹೌದು ಎಂದೆ. ನಿಜ ಹೇಳಿದ್ದರೆ ಅವಳು ನಂಬುತ್ತಿರಲಿಲ್ಲ.

ನಿಮಗೆ ಒಪ್ಪಿಸಿ ಬಂದ ಕೆಲಸವನ್ನು ಮತ್ತೊಮ್ಮೆ ಬರೆಯುತ್ತೇನೆ. ಕೆರೆಯ ತೂಬಿನ ಎರಡು ಕಲ್ಲುಕಂಬಗಳ ನಡುವೆ ಹಗ್ಗ ಕಟ್ಟಿ, ಅದರಿಂದ ಹನ್ನೆರಡು ಹೆಂಚಿನ ತುಂಡುಗಳನ್ನು ನೀರಿಗೆ ಇಳಿಬಿಟ್ಟಿದ್ದೇನೆ. ಒಂದೊಂದರ ಮೇಲೂ ಬಿಳಿ ಬಣ್ಣದಲ್ಲಿ ನಂಬರು ಇದೆ. ಹದಿನೈದು ದಿನಕ್ಕೊಮ್ಮೆ ಅವನ್ನು ಎತ್ತಿ, ಒಳಮೈಯನ್ನು ಭೂತಗನ್ನಡಿಯಲ್ಲಿ ನೋಡಿ, ಕಂಡದ್ದನ್ನು ವಹಿಯಲ್ಲಿ ಬರೆದು, ತಿರುಗಿ ನೀರಿಗೆ ಬಿಡಬೇಕು.

ನಾನು ಹುಡುಕುತ್ತಿರುವುದಕ್ಕೆ ಬ್ರಯೊಜೋವಾ ಎಂದು ಹೆಸರು. ಗಸಗಸೆ ಕಾಳಿನಷ್ಟು ಸಣ್ಣ ಪ್ರಾಣಿಗಳು, ನೂರಾರು ಕೂಡಿ ಒಂದೇ ಮನೆ ಮಾಡಿಕೊಂಡು ಕಲ್ಲಿಗೆ, ಹೆಂಚಿಗೆ ಅಂಟಿಕೊಂಡಿರುತ್ತವೆ. ಒಂದೊಂದರ ತಲೆಯ ಮೇಲೂ ಎಳೆಎಳೆಯಾದ ಕಿರೀಟ. ಸುತ್ತ ಗದ್ದಲವಿಲ್ಲದಾಗ ಅದು ಹೂವಿನಂತೆ ಅರಳುತ್ತದೆ. ಪುಸ್ತಕದ ಚಿತ್ರದಲ್ಲಿ ಮಾತ್ರ ನೋಡಿದ್ದೇನೆ, ಆದರೂ ಕನಸಿನಲ್ಲಿ ಬರುತ್ತವೆ. ಏನಾದರೂ ಸಿಕ್ಕರೆ ಕೆರೆಯ ನೀರಿನಲ್ಲಿಯೇ ಇಡಿ, ಮಣ್ಣಿನ ಗಡಿಗೆಯಲ್ಲಿ. ನಿಮ್ಮ ತಾಮ್ರದ ಕೊಡ ಬೇಡ, ತಾಮ್ರಕ್ಕೆ ಅವು ಸಾಯುತ್ತವೆ.

ನನ್ನ ಪಿಎಚ್.ಡಿ. ಗೈಡ್ ಸಾಹೇಬರು ನಕ್ಕರು. ಕಪ್ಪು ಮಣ್ಣಿನ ರಾಡಿ ಕೆರೆಗಳಲ್ಲಿ ಅವು ಇರುವುದೇ ಇಲ್ಲವಂತೆ. ಜನವರಿ ಮುಗಿಯುವುದರೊಳಗೆ ಒಂದಾದರೂ ಜೀವಂತ ನಮೂನೆ ತೋರಿಸದಿದ್ದರೆ ನನ್ನ ವಿಷಯ ರದ್ದು. ಅವರು ಕೊಟ್ಟ ವಿಷಯ, ಮೀನಿನ ಹೊಟ್ಟೆಯ ಹುಳ, ತೆಗೆದುಕೊಳ್ಳಬೇಕು. ಅವರೇನು ಈ ಕಡೆಯ ಕೆರೆಗಳಿಗೆ ಕಾಲಿಟ್ಟವರಲ್ಲ. ನೋಡದೆ ಇಲ್ಲ ಎನ್ನುವವರ ಮಾತನ್ನು ನಾನು ಕೇಳುವುದಿಲ್ಲ.

ಆರು ದಿನ ಪಾಠ, ಭಾನುವಾರ ಶಿರಹಟ್ಟಿ ಮುಂಡರಗಿ ಕಡೆಯ ಬೇರೆ ನಾಲ್ಕು ಕೆರೆ. ನಿಮ್ಮ ಕೆರೆಗೆ ನೀವೇ ನನ್ನ ಕಣ್ಣು. ಅಪ್ಪನಿಗೆ ಸದ್ಯಕ್ಕೆ ಹೇಳಬೇಡಿ.

ನಿಮ್ಮ
ನರ್ಮದಾ


ಕೆರೆಕೊಪ್ಪ, ಅಂಚೆ ಲಕ್ಷ್ಮೇಶ್ವರ
ಕಾಳಯುಕ್ತಿ ಸಂವತ್ಸರ, ಶ್ರಾವಣ ಶುದ್ಧ ಪಂಚಮಿ
ನಿಮ್ಮ ಲೆಕ್ಕಕ್ಕೆ ೮ ಆಗಸ್ಟ್ ೧೯೭೮

ಚಿರಂಜೀವಿ ನರ್ಮದಾ,

ಉಭಯ ಕುಶಲ ಎಂದು ಬರೆಯುವುದು ಪದ್ಧತಿ. ನನ್ನ ಮೊಣಕಾಲು ಕುಶಲವಿಲ್ಲ, ಆದ್ದರಿಂದ ಬರೆಯುವುದಿಲ್ಲ.

ಹದಿನೈದು ದಿನಕ್ಕೊಮ್ಮೆ ಎಂದರೆ ನನಗೆ ಲೆಕ್ಕ ತಪ್ಪುತ್ತದೆ. ಏಕಾದಶಿಗೆ ಏಕಾದಶಿಗೆ ನೋಡುತ್ತೇನೆ. ಹೇಗೂ ಅಂದು ಉಪವಾಸ, ಅಡಿಗೆಯ ಕೆಲಸವಿಲ್ಲ. ಬೆಳಿಗ್ಗೆ ಮಡಿಯಲ್ಲಿ ನೀರಿಗೆ ಹೋದಾಗಲೇ ಮುಗಿಸಿ ಬರುತ್ತೇನೆ. ಎರಡು ಏಕಾದಶಿ ಆದವು. ಹನ್ನೆರಡೂ ಹೆಂಚು ನೋಡಿದೆ. ಕಿರೀಟವಿಲ್ಲ, ಹೂವಿಲ್ಲ.

ಇನ್ನೊಂದು ಸಮಾಚಾರವಿದೆ, ಸಿಟ್ಟಾಗಬೇಡ. ಹೋದ ವಾರ ಶೇಖವ್ವ, ಅದೇ ತೂಬಿನ ಹತ್ತಿರದ ಹೊಲದವಳು, ನಿನ್ನ ಹಗ್ಗ ನೋಡುತ್ತ ನಿಂತಿದ್ದಳು.

"ಬಾಯಾರ, ನಿಮ್ಮ ತಮ್ಮನ ಮಗಳು ಯಾವ ದೇವರಿಗೆ ಬೇಡ್ಕೊಂಡಾಳ್ರಿ?"

"ದೇವರಿಗಲ್ಲ, ಪರೀಕ್ಷಾದ ಸಲುವಾಗಿ ಕಟ್ಯಾಳ," ಎಂದೆ.

ಮತ್ತೇನು ಹೇಳಬೇಕಿತ್ತೋ ನನಗೆ ತಿಳಿಯಲಿಲ್ಲ. ಅವಳು ವಿಚಾರ ಮಾಡಿ, "ಪರೀಕ್ಷಾಕ್ಕ ನಡೀತೈತಿ ಅಂದ್ರ ಬಾಣಂತನಕ್ಕೂ ನಡೀತೈತಿ. ನಮ್ಮ ಸೊಸಿ ಹೆಸರಿಲೆ ನಾನೂ ಒಂದ ಕಟ್ತೀನಿ," ಎಂದಳು. ಇವತ್ತು ಪಂಚಮಿ. ಹುತ್ತಕ್ಕೆ ಹಾಲೆರೆದು ಬರುವ ಹೆಂಗಸರೆಲ್ಲ ಒಂದೊಂದು ಹೆಂಚಿಗೆ ಎಣ್ಣೆ ಅರಿಸಿಣ ಹಚ್ಚಿ, ನಿನ್ನ ಹಗ್ಗಕ್ಕೇ ಕಟ್ಟಿ ಹೋದರು. ಎಣಿಸಿದೆ. ನಿನ್ನವು ಹನ್ನೆರಡು, ಕೆರೆಯ ದೇವತೆ ಗಂಗವ್ವನವು ಇಪ್ಪತ್ತೊಂಬತ್ತು. ಬೇಡಿಕೊಂಡದ್ದು ಆಗುವ ತನಕ ಅವನ್ನು ಯಾರೂ ಎತ್ತುವಂತಿಲ್ಲ ಎಂದು ನಿಯಮವೂ ಆಗಿಹೋಗಿದೆ. ಯಾರು ಮಾಡಿದರೋ ಗೊತ್ತಿಲ್ಲ.

ಉಂಡಿ ಕಳಿಸುತ್ತಿದ್ದೇನೆ. ಶೇಂಗಾದ್ದು ಮೊದಲು ತಿನ್ನು, ಮೆತ್ತಗಾಗುತ್ತದೆ.

ನಿನ್ನ ಅತ್ಯಾ


ಬೆಟಗೇರಿ
೨೭ ಆಗಸ್ಟ್ ೧೯೭೮

ಅತ್ಯಾ,

ನಿಮ್ಮ ಪತ್ರ ಓದಿ ಮೊದಲು ತಲೆ ಹಿಡಿದುಕೊಂಡು ಕೂತೆ, ಆಮೇಲೆ ನಕ್ಕೆ. ಇರಲಿ. ಶೇಖವ್ವನವರಿಗೆ ನನ್ನ ನಮಸ್ಕಾರ ಹೇಳಿ. ನನ್ನ ನಂಬರಿನವು ನನಗಿರಲಿ, ಉಳಿದವನ್ನು ಮುಟ್ಟಬೇಡಿ.

ಬೇರೆ ಕೆರೆಗಳ ಸುದ್ದಿ ಚೆನ್ನಾಗಿಲ್ಲ. ಎರಡು ಕಡೆ ಎಮ್ಮೆಗಳು ಹಗ್ಗ ಹರಿದುಹಾಕಿವೆ. ಉಳಿದೆರಡು ಕಡೆ ಹೆಂಚೇ ಮಾಯ. ಹರಕೆ ಕಟ್ಟಿದ್ದರಿಂದ ನಿಮ್ಮ ಕೆರೆಯ ಹಗ್ಗದ ತಂಟೆಗೆ ಯಾರೂ ಬರುವುದಿಲ್ಲ ಎಂಬುದೇ ಒಂದು ಲಾಭ. ಹಾಗಾಗಿ ಈಗ ನನಗೆ ಉಳಿದದ್ದು ಕೆರೆಕೊಪ್ಪ ಒಂದೇ.

ನಿಮ್ಮ
ನರ್ಮದಾ


ಕೆರೆಕೊಪ್ಪ
ಕಾರ್ತೀಕ ಶುದ್ಧ ದ್ವಾದಶಿ, ೧೨ ನವೆಂಬರ್ ೧೯೭೮

ಚಿರಂಜೀವಿ ನರ್ಮದಾ,

ನಿನ್ನೆಯೂ ಏನೂ ಇಲ್ಲ. ವಹಿಯಲ್ಲಿ ಹನ್ನೆರಡು ಸಲ "ಇಲ್ಲ" ಎಂದು ಬರೆದೆ. ನನ್ನ ಕೈಗೆ ಆ ಅಕ್ಷರ ಈಗ ಬಹಳ ಚೆನ್ನಾಗಿ ಬರುತ್ತದೆ.

ನಿನ್ನ ಅಪ್ಪ ಪಾಂಡುರಂಗ ಲಕ್ಷ್ಮೇಶ್ವರದಿಂದ ಬಂದಿದ್ದ. ಕೆರೆಯ ವಿಷಯ ಅವನ ಶಾಲೆಯ ಮಾಸ್ತರರಲ್ಲಿ ಯಾರೋ ಹೇಳಿದ್ದಾರೆ. ಜಗಲಿಯ ಮೇಲೆ ಕೂಡುವ ಮೊದಲೇ ಶುರು ಮಾಡಿದ.

"ಅಕ್ಕಾ, ನೀನs ಆ ಹುಡುಗೀನ್ನ ಕೆಡಸ್ಲಿಕತ್ತೀ. ಎಂ.ಎಸ್ಸಿ. ಆತು, ನೌಕರಿ ಆತು. ಇನ್ನ ಕೆರ್ಯಾಗಿನ ಪಾಚಿ ಯಾಕ? ಸಾಕು ಅಂತ ನೀ ಹೇಳಿದ್ರ ಕೇಳ್ತಾಳ."

ನಾನು ಅವನಿಗೆ ನೀರು ಕೊಟ್ಟೆ. ಅವನು ಕುಡಿದಾದ ಮೇಲೆ ಹೇಳಿದೆ: "ಪಾಂಡು, ನನ್ನ ಸಾಲಿ ಮೂರನೇ ಇಯತ್ತೆಕ್ಕ ಬಿಡಿಸಿದ್ರು. ಆಗ ನೀ ತೊಟ್ಟಲದಾಗಿದ್ದಿ, ಅದರಾಗ ನಿನ್ನ ತಪ್ಪಿಲ್ಲ. ಅಕಿದು ನಿಲ್ಲಿಸಿದ್ರ ಅದು ನಿನ್ನ ತಪ್ಪs ಆಗ್ತದ. ನಾ ಹೇಳೂದಿಲ್ಲ."

ಅವನು ಊಟ ಮಾಡದೆ ಹೋದ. ನಾನು ಎರಡು ಹೋಳಿಗೆ ಹೆಚ್ಚು ತಿಂದೆ.

ಅವನು ಹೋದ ಮೇಲೆ ಒಂದು ವಿಚಾರ ಬಂತು. ಈ ವರ್ಷದ ಮತದಾರರ ಪಟ್ಟಿಯನ್ನು ಚಾವಡಿಯ ಗೋಡೆಗೆ ಅಂಟಿಸಿದ್ದರು. ಓದಿದೆ. ತುಳಸಾಬಾಯಿ ಕೋಂ ಮಾರ್ತಾಂಡ. ಕೋಂ ಎಂದರೆ ಹೆಂಡತಿ. ಹೊಲದ ಉತಾರದಲ್ಲಿಯೂ ಅದೇ, ರೇಶನ್ ಕಾರ್ಡಿನಲ್ಲಿಯೂ ಅದೇ. ಪಾಪ, ಒಳ್ಳೆಯವರೇ ಇದ್ದರು. ಅವರ ಜೊತೆ ಸಂಸಾರ ಮಾಡಿದ್ದು ಹದಿನಾಲ್ಕು ತಿಂಗಳು. ನನಗೆ ಹದಿನೇಳು ನಡೆದಾಗ ತೀರಿಕೊಂಡರು. ನನ್ನ ತಲೆಗೂದಲು ಹೋಯಿತು, ಕುಂಕುಮ ಹೋಯಿತು. ಆ ಕೋಂ ಮಾತ್ರ ನಲವತ್ತೊಂದು ವರ್ಷದಿಂದ ನನ್ನ ಹೆಸರಿಗೆ ಅಂಟಿಕೊಂಡು ಕೂತಿದೆ. ನಿನ್ನ ಪ್ರಾಣಿಯೂ ಹೀಗೆಯೇ ಅಂಟುತ್ತದೆಯೇನು?

ನಿನ್ನ ಅತ್ಯಾ


ಬೆಟಗೇರಿ
೩ ಡಿಸೆಂಬರ್ ೧೯೭೮

ಅತ್ಯಾ,

ನಿನ್ನೆ ಗೈಡ್ ಸಾಹೇಬರನ್ನು ಕಂಡು ಬಂದೆ. ನೀವು ವಹಿಯಿಂದ ಇಳಿಸಿ ಕಳಿಸಿದ ಕಾಗದವನ್ನು ಎಲ್ಲರೆದುರು ಗಟ್ಟಿಯಾಗಿ ಓದಿಸಿದರು. "ಒಂದನೇ ಹೆಂಚು, ಇಲ್ಲ. ಎರಡನೇ ಹೆಂಚು, ಇಲ್ಲ." ಓದುತ್ತ ಹೋದಂತೆ ಹಿಂದಿನ ಬೆಂಚಿನವರು ನಗಲು ಶುರು ಮಾಡಿದರು. ನಾನು ಕೊನೆಯ ಹೆಂಚಿನ ತನಕ ಓದಿದೆ. ದನಿ ಇಳಿಸಲಿಲ್ಲ.

ವಿಷಯ ಬದಲಿಸುವ ಅರ್ಜಿಯನ್ನು ಅವರೇ ಟೈಪ್ ಮಾಡಿಸಿ ಇಟ್ಟಿದ್ದರು. ಸಹಿ ಹಾಕು ಎಂದರು. "ಜನವರಿ ಮೂವತ್ತೊಂದು ಇನ್ನೂ ಬಂದಿಲ್ಲರಿ ಸರ್," ಎಂದು ಪೆನ್ನಿನ ಟೊಪ್ಪಿಗೆ ಹಾಕಿ ಎದ್ದು ಬಂದೆ.

ಆದರೆ ಬಸ್ಸಿನಲ್ಲಿ ಕೂತಾಗ ಒಂದು ಯೋಚನೆ ಬಂತು. ಐದು ತಿಂಗಳು ನೀರಿನಲ್ಲಿದ್ದ ಹೆಂಚಿನ ಮೇಲೆ ಬ್ರಯೊಜೋವಾ ಬೇಡ, ಒಂದು ಬಸವನಹುಳವಾದರೂ ಇರಬೇಕಲ್ಲ? ಒಂದು ಎಳೆ ಪಾಚಿಯಾದರೂ? ನೀವು ಹೆಂಚನ್ನು ಎತ್ತಿದಾಗಿನಿಂದ ಬಿಡುವವರೆಗೆ ಏನೇನು ಮಾಡುತ್ತೀರಿ, ಒಂದನ್ನೂ ಬಿಡದೆ ಬರೆಯಿರಿ.

ನಿಮ್ಮ
ನರ್ಮದಾ


ಕೆರೆಕೊಪ್ಪ
ಮಾರ್ಗಶಿರ ಶುದ್ಧ ದ್ವಾದಶಿ, ೧೨ ಡಿಸೆಂಬರ್ ೧೯೭೮

ಚಿರಂಜೀವಿ ನರ್ಮದಾ,

ಕೇಳಿದ್ದಕ್ಕೆ ಬರೆಯುತ್ತೇನೆ. ಇದರಲ್ಲಿ ಬರೆಯುವಂಥದ್ದೇನೂ ಇಲ್ಲ.

ಹಗ್ಗ ಎಳೆದು ಹೆಂಚನ್ನು ಮೆಟ್ಟಿಲ ಮೇಲೆ ಇಡುತ್ತೇನೆ. ನಾನು ಮಡಿಯಲ್ಲಿರುತ್ತೇನಲ್ಲ, ಕೆರೆಯ ಹೊಲಸು ಮುಟ್ಟುವಂತಿಲ್ಲ. ಮೊದಲು ಮೇಲಿಂದ ಒಂದು ಕೊಡ ನೀರು ಹಾಕುತ್ತೇನೆ. ಆಮೇಲೆ ತೆಂಗಿನ ನಾರು, ಬೂದಿ ತೆಗೆದುಕೊಂಡು ಎರಡೂ ಕಡೆ ತಿಕ್ಕುತ್ತೇನೆ. ಎಷ್ಟು ಲೋಳೆ ಇರುತ್ತದೆ ಎನ್ನುತ್ತೀ, ಅಂಬಲಿ ಹೆಪ್ಪುಗಟ್ಟಿದ ಹಾಗೆ. ಅದರಲ್ಲಿ ನಿನ್ನ ಹೂವು ಯಾರಿಗೆ ಕಾಣಬೇಕು? ಎಲ್ಲ ಹೋಗಿ ಹೆಂಚು ಕೆಂಪಗೆ ಕಂಡ ಮೇಲೆ ಭೂತಗನ್ನಡಿ ಹಿಡಿದು ಇಂಚಿಂಚು ನೋಡುತ್ತೇನೆ. ನನ್ನ ದೇವರ ಪಾತ್ರೆಗಳನ್ನೂ ಇಷ್ಟು ಚೆನ್ನಾಗಿ ತಿಕ್ಕಿಲ್ಲ.

ಶೇಖವ್ವನ ಸೊಸೆಗೆ ಗಂಡು ಹುಟ್ಟಿತು. ಅವಳ ಹೆಂಚನ್ನು ಎತ್ತಿದರು. ಅರಿಸಿಣದ ಕಲೆ ಬಿಟ್ಟು ಅದರ ಮೇಲೆಯೂ ಏನೂ ಇರಲಿಲ್ಲ, ಎಣ್ಣೆಯ ಜಿಡ್ಡಿಗೆ ಏನೂ ಅಂಟಿಲ್ಲ.

ನಿನ್ನ ಅತ್ಯಾ


ಬೆಟಗೇರಿ
೧೬ ಡಿಸೆಂಬರ್ ೧೯೭೮

ಅತ್ಯಾ,

ಆ ಲೋಳೆಯೇ ಅದು.

ಐದು ತಿಂಗಳು, ಹನ್ನೊಂದು ಏಕಾದಶಿ, ನಾನು ಜೀವ ತೇಯ್ದು ಹುಡುಕುತ್ತಿದ್ದುದನ್ನು ನೀವು ಬೂದಿ ಹಚ್ಚಿ ತಿಕ್ಕಿ ಕೆರೆಗೆ ಚೆಲ್ಲಿದಿರಿ. ಆಮೇಲೆ ಕೂತು "ಇಲ್ಲ" ಎಂದು ಬರೆದಿರಿ. ನಾನು ಅದನ್ನು ಅವರೆದುರು ಓದಿದೆ. ನಿಮ್ಮ ಮಡಿ ನನ್ನ ಕೆಲಸಕ್ಕೆ ಎಳ್ಳುನೀರು ಬಿಟ್ಟಿತು. ಇನ್ನು ಹೆಂಚು ಮುಟ್ಟಬೇಡಿ.

ನರ್ಮದಾ


ಬೆಟಗೇರಿ
೫ ಜನವರಿ ೧೯೭೯

ಅತ್ಯಾ ಅವರಿಗೆ,

ಮೂರು ವಾರವಾಯಿತು, ನಿಮ್ಮ ಉತ್ತರವಿಲ್ಲ. ಒಂದು ಏಕಾದಶಿಯೂ ಹೋಯಿತು. ಪೋಸ್ಟ್‌ಮನ್ ನನ್ನನ್ನು ನೋಡಿದರೆ ದೂರದಿಂದಲೇ ಕೈ ಆಡಿಸುತ್ತಾನೆ.

ಜುಲೈಯಲ್ಲಿ ನಿಮಗೆ ಬರೆದ ಪತ್ರದ ನಕಲು ನನ್ನ ಹತ್ತಿರವಿತ್ತು. ನಿನ್ನೆ ತೆಗೆದು ಓದಿದೆ. ಕಿರೀಟ ಎಂದು ಬರೆದಿದ್ದೇನೆ, ಹೂವು ಎಂದು ಬರೆದಿದ್ದೇನೆ. ಬರಿಗಣ್ಣಿಗೆ ಅದು ಲೋಳೆಯ ಮುದ್ದೆ ಎಂದು ಒಂದು ಕಡೆಯೂ ಬರೆದಿಲ್ಲ. ನನಗೇ ಅದು ಲೋಳೆ ಎಂದು ಒಪ್ಪಿಕೊಳ್ಳಲು ಮನಸ್ಸಿರಲಿಲ್ಲ. ಚಂದದ್ದನ್ನು ಮಾತ್ರ ಹೇಳಿ ಚಂದದ್ದನ್ನೇ ಹುಡುಕಿರೆಂದರೆ ನೀವು ಇನ್ನೇನು ಮಾಡಬೇಕು? ತಪ್ಪು ನನ್ನದು. ನಿಮಗೆ ಹಾಗೆ ಬರೆದದ್ದೂ ತಪ್ಪು.

ಆದರೆ ಅರ್ಜಿಗೆ ನಾನು ಸಹಿ ಹಾಕುವುದಿಲ್ಲ. ಅವರು ವಿಷಯ ರದ್ದು ಮಾಡಲಿ, ನಾನಾಗಿ ಬಿಡುವುದಿಲ್ಲ. ತಿಕ್ಕಿದ ಹೆಂಚಿನ ಮೇಲೆ ಇಪ್ಪತ್ತೈದು ದಿನದಲ್ಲಿ ಹೊಸದಾಗಿ ಬೆಳೆಯುವ ಭರವಸೆ ಇಲ್ಲ. ಈ ವರ್ಷ ಹೋದರೆ ಹೋಗಲಿ, ಮುಂದಿನ ಮಳೆಗಾಲಕ್ಕೆ ರಜೆ ಹಾಕಿ ನಾನೇ ಬಂದು ತೂಬಿನ ಹತ್ತಿರ ಕೂಡುತ್ತೇನೆ, ಗೈಡ್ ಇದ್ದರೂ ಸರಿ, ಇರದಿದ್ದರೂ ಸರಿ.

ಒಂದು ಸಾಲು ಬರೆಯಿರಿ. ಬೈದಾದರೂ ಬರೆಯಿರಿ.

ನಿಮ್ಮ
ನರ್ಮದಾ


ಕೆರೆಕೊಪ್ಪ
ಸಂಕ್ರಾಂತಿಯ ಮರುದಿನ, ೧೫ ಜನವರಿ ೧೯೭೯

ಚಿರಂಜೀವಿ ನರ್ಮದಾ,

ಎಳ್ಳು ಬೆಲ್ಲ ಇಟ್ಟಿದ್ದೇನೆ. ಈಗ ನನ್ನ ಮಾತು ಕೇಳು.

ನಿನ್ನ ಡಿಸೆಂಬರಿನ ಪತ್ರಕ್ಕೆ ನನಗೆ ಸಿಟ್ಟು ಬಂದಿತ್ತು. ಅರವತ್ತರ ಹತ್ತಿರ ಬಂದವಳಿಗೆ ಹೀಗೆ ಬರೆಯುತ್ತಾರೆಯೇ ಎಂದು ಅತ್ತೆ ಕೂಡ. ಮಡಿ ನಾನು ಕೇಳಿ ತೆಗೆದುಕೊಂಡದ್ದಲ್ಲ, ಹದಿನೇಳಕ್ಕೆ ನನ್ನ ಮೇಲೆ ಹೊರಿಸಿದ್ದು. ಹೊರಿಸಿದ ಮೇಲೆ ಚೆನ್ನಾಗಿ ಮಾಡಿ ತೋರಿಸಿದೆ, ಯಾರೂ ಬೊಟ್ಟು ಮಾಡದ ಹಾಗೆ. ಆ ಕೈ ನಿನ್ನ ಹೆಂಚಿಗೂ ಹೋಯಿತು. ಅಷ್ಟೇ.

ನಿನಗೆ ಹೇಳದ ಒಂದು ಸಂಗತಿ ಇದೆ. ಪಂಚಮಿಯ ದಿನ ಎಲ್ಲರೂ ಕಟ್ಟಿ ಹೋದ ಮೇಲೆ ನಾನೂ ಒಂದು ಹೆಂಚು ಕಟ್ಟಿದ್ದೆ. ನನ್ನಂಥವಳು ಹರಕೆಗೆ ಅರಿಸಿಣ ಹಚ್ಚುವಂತಿಲ್ಲ, ನಾಲ್ಕು ಜನರ ನಡುವೆ ಕಟ್ಟುವಂತೆಯೂ ಇಲ್ಲ. ಅದಕ್ಕೆ ಬರಿಯ ಹೆಂಚನ್ನೇ, ತೂಬಿನ ಚಪ್ಪಡಿಯ ಕೆಳಗೆ, ಬಿಸಿಲು ಬೀಳದ ಕಡೆ ಇಳಿಬಿಟ್ಟೆ. ಹರಕೆಯ ಹೆಂಚನ್ನು ಎತ್ತಬಾರದಲ್ಲ. ಐದು ತಿಂಗಳಿಂದ ಎತ್ತಿಲ್ಲ. ಎತ್ತಿಲ್ಲ ಅಂದ ಮೇಲೆ ತೊಳೆದಿಲ್ಲ.

ಇದು ನನಗೆ ಹೊಳೆದದ್ದು ನಿನ್ನೆ, ನಿನ್ನ ಪತ್ರವನ್ನು ನಾಲ್ಕನೆಯ ಸಲ ಓದುವಾಗ. ಇವತ್ತು ಮುಂಜಾನೆ ಹೋದೆ. ಶೇಖವ್ವ, ಇನ್ನೂ ನಾಲ್ಕೈದು ಹೆಂಗಸರು ಅರಿವೆ ಒಗೆಯುತ್ತಿದ್ದರು. ನಾನು ಹಗ್ಗಕ್ಕೆ ಕೈ ಹಾಕಿದ್ದನ್ನು ನೋಡಿ ಶೇಖವ್ವ ಓಡಿ ಬಂದಳು.

"ಬಾಯಾರ, ಅದು ನಂಬರಿಂದಲ್ರಿ. ಯಾರದೋ ಹರಕಿ ಐತಿ."

"ಗೊತ್ತದ. ನಂದs ಅದ."

ಅವಳು ನನ್ನ ಮುಖ ನೋಡಿದಳು, ಬೋಳು ತಲೆಯ ಮೇಲಿನ ಸೆರಗು ನೋಡಿದಳು. ಆಮೇಲೆ ಮೆಲ್ಲಗೆ, "ಬೇಡಿದ್ದು ಆತೇನ್ರಿ?" ಎಂದಳು.

"ಇಲ್ಲ."

"ಆಗಲಾರದ ಎತ್ತಬಾರ್ದ್ರಿ. ಕೆಟ್ಟದ್ದಾಕ್ಕೈತಿ."

"ಯಾರಿಗೆ, ನನಗ? ನನ್ನ ಹತ್ರ ಕೆಡಲಿಕ್ಕೆ ಇನ್ನೇನ ಉಳದದ ಶೇಖವ್ವಾ? ನಾ ಬೇಡಿದ್ದು ಇದರ ಕೆಳಗs ಕೂತದ. ಎತ್ತಲಿಲ್ಲಂದ್ರ ಆಗೂದs ಇಲ್ಲ."

ಎತ್ತಿದೆ. ನೀರು ಹಾಕಲಿಲ್ಲ, ನಾರು ಮುಟ್ಟಿಸಲಿಲ್ಲ. ಒಳಮೈಯಲ್ಲಿ ಅಂಗೈ ಅಗಲದ ಮುದ್ದೆ ಇದೆ, ಗಂಜಿಯ ಬಣ್ಣ. ನೋಡಿದರೆ ಓಕರಿಕೆ ಬರುವ ಹಾಗಿದೆ. ಅದರೊಳಗೆ ಗಸಗಸೆಯಂಥ ಕರಿ ಚುಕ್ಕೆಗಳಿವೆ. ತಾಮ್ರ ಬೇಡ ಎಂದಿದ್ದೆಯಲ್ಲ, ನನ್ನ ಹತ್ತಿರ ಇದ್ದದ್ದು ತಾಮ್ರದ ಕೊಡ ಒಂದೇ. ಶೇಖವ್ವ ತನ್ನ ಮನೆಯ ಗಡಿಗೆ ತಂದಳು. ಕೊಡುವ ಮೊದಲು, "ನಮ್ಮ ಮನೀ ಗಡಿಗಿ ನಡೀತೈತೇನ್ರಿ ನಿಮಗ?" ಎಂದು ಕೇಳಿದಳು. ನಲವತ್ತೊಂದು ವರ್ಷದಲ್ಲಿ ನನ್ನನ್ನು ಹಾಗೆ ಕೇಳುವ ಪ್ರಸಂಗವೇ ಬಂದಿರಲಿಲ್ಲ. ಗಡಿಗೆಯನ್ನು ಅವಳ ಕೈಯಿಂದ ಇಸಿದುಕೊಂಡೆ, ಮಡಿ ಸೀರೆಯಲ್ಲಿಯೇ. ಲೋಳೆಯನ್ನು ನನ್ನ ಕೈಯಿಂದಲೇ ಹಿಡಿದು ಒಳಗೆ ಇಳಿಸಿದೆ. ಮನೆಗೆ ಬಂದು ಮತ್ತೆ ಸ್ನಾನ ಮಾಡಲಿಲ್ಲ.

ಬುಧವಾರ ಮೊದಲ ಬಸ್ಸಿಗೆ ಗಡಿಗೆ ತೆಗೆದುಕೊಂಡು ಗದಗಕ್ಕೆ ನಾನೇ ಬರುತ್ತೇನೆ. ತೊಡೆಯ ಮೇಲೆ ಇಟ್ಟುಕೊಳ್ಳುತ್ತೇನೆ. ಯಾರಿಗೂ ಮುಟ್ಟಗೊಡುವುದಿಲ್ಲ.

ಏನು ಬೇಡಿಕೊಂಡಿದ್ದೆ ಎಂದು ಕೇಳಬೇಡ.

ನಿನ್ನ ಅತ್ಯಾ


ಬೆಟಗೇರಿ
೪ ಫೆಬ್ರವರಿ ೧೯೭೯

ನನ್ನ ಅತ್ಯಾ,

ನೀವು ತಿರುಗಿ ಹೋದ ಮೇಲೆ ಖೋಲಿ ಬಣಬಣ ಎನ್ನುತ್ತಿದೆ. ಕಾಲೇಜಿನ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ನೀವು ಕೂತದ್ದು ನನ್ನ ಕಣ್ಣ ಮುಂದೆಯೇ ಇದೆ. ಕಿರೀಟಗಳು ಒಂದೊಂದಾಗಿ ಅರಳುವ ತನಕ ಅಲುಗಾಡಲಿಲ್ಲ. ಆಮೇಲೆ ನೀವು, "ತಿಕ್ಕಿ ತಿಕ್ಕಿ ಎಷ್ಟನ್ನ ಕೊಂದೆ ನರ್ಮದಾ," ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡಿರಿ. ಅವು ಸಾಯುವ ಮೊದಲು ಬೀಜದಂಥ ಆ ಕರಿ ಚುಕ್ಕೆಗಳನ್ನು ಬಿಟ್ಟಿರುತ್ತವೆ, ಕೆರೆ ಬತ್ತಿದರೂ ಹೂಳಿನಲ್ಲಿ ಅವು ಬದುಕುತ್ತವೆ ಎಂದು ಹೇಳಿದೆನಲ್ಲ, ಅದು ಸಮಾಧಾನದ ಮಾತಲ್ಲ, ನಿಜ.

ಜನವರಿ ಮೂವತ್ತಕ್ಕೆ ನಮೂನೆಯನ್ನು ಶೀಸೆಯಲ್ಲಿ ಇಟ್ಟುಕೊಂಡು ಗೈಡ್ ಸಾಹೇಬರ ಹತ್ತಿರ ಹೋದೆ. ಬಹಳ ಹೊತ್ತು ನೋಡಿದರು. ತಲೆ ಎತ್ತದೆಯೇ ಕೇಳಿದರು.

"ಯಾವ ನಂಬರಿನ ಹೆಂಚು?"

"ಇದಕ್ಕ ನಂಬರಿಲ್ಲರಿ ಸರ್."

"ಇಟ್ಟವರು ಯಾರು?"

"ನಮ್ಮ ಸೋದರತ್ತಿ. ಇಟ್ಟವರೂ ಅವರs, ತಗದವರೂ ಅವರs."

ಶೀಸೆಯ ಚೀಟಿಯಲ್ಲಿ ಸಂಗ್ರಹಿಸಿದವರ ಹೆಸರು ನಾನು ಆಗಲೇ ಬರೆದಿದ್ದೆ. ಅದನ್ನು ಓದಿ ನಕ್ಕರು, ಎಷ್ಟು ಕಲಿತವರು ಎಂದು ಕೇಳಿದರು, ಹೇಳಿದೆ. ಮೂರನೇ ಇಯತ್ತೆ ಕಲಿತ ಹಳ್ಳಿಯ ಮುದುಕಿಯ ಹೆಸರಿದ್ದರೆ ನಮೂನೆಗೆ ಬೆಲೆ ಇರುವುದಿಲ್ಲ, ಅದನ್ನು ಹೊಡೆದು ನಿನ್ನ ಹೆಸರು ಬರಿ ಎಂದರು. ನನ್ನ ಒಳ್ಳೆಯದಕ್ಕೇ ಹೇಳಿದರೇನೋ. ಆ ಚೀಟಿಯಲ್ಲಿ ನನ್ನ ಹೆಸರು ಬಿದ್ದರೆ ನನಗೆ ಲಾಭವೇ ಇತ್ತು.

"ಆ ಹೆಸರ ತಗದ್ರ ಶೀಸೇನೂ ತಗೊಂಡು ಹೋಗ್ತೀನಿ ಸರ್. ವಿಷಯ ರದ್ದ ಮಾಡ್ರಿ."

ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು. ಟೈಪ್ ಮಾಡಿಸಿಟ್ಟಿದ್ದ ಅರ್ಜಿಯನ್ನು ಹರಿದು ಬುಟ್ಟಿಗೆ ಹಾಕಿ, ಚೀಟಿಯ ಕೆಳಗೆ ಸಹಿ ಮಾಡಿದರು. ಶೀಸೆ ಈಗ ಮ್ಯೂಜಿಯಮ್ಮಿನ ಕಪಾಟಿನಲ್ಲಿದೆ. ಚೀಟಿಯ ಇನ್ನೊಂದು ಪ್ರತಿಯನ್ನು ಇದರ ಜೊತೆ ಇಟ್ಟಿದ್ದೇನೆ. ಎಲ್ಲಿಂದ, ಯಾವಾಗ, ಯಾರು, ಮೂರೇ ಸಾಲು.

ನಿಮ್ಮ
ನರ್ಮದಾ


ಕೆರೆಕೊಪ್ಪ
ಭಾರತ ಹುಣ್ಣಿಮೆ, ೧೨ ಫೆಬ್ರವರಿ ೧೯೭೯

ಚಿರಂಜೀವಿ ನರ್ಮದಾ,

ಚೀಟಿ ಬಂತು. ಭೂತಗನ್ನಡಿ ಹಿಡಿದು ಓದಿದೆ. ಕೆರೆಕೊಪ್ಪದ ಕೆರೆ, ತೂಬಿನ ಚಪ್ಪಡಿಯ ಕೆಳಗೆ. ೧೫ ಜನವರಿ ೧೯೭೯. ಸಂಗ್ರಹಿಸಿದವರು ತುಳಸಾಬಾಯಿ. ಆಮೇಲೆ ಕೋಂ ಇಲ್ಲ, ಏನೂ ಇಲ್ಲ. ಚೀಟಿಯ ಹಿಂದೆ ಏನಾದರೂ ಇದೆಯೇನೋ ಎಂದು ತಿರುವಿ ನೋಡಿದೆ, ಅಲ್ಲಿಯೂ ಇಲ್ಲ.

ನಿನ್ನೆ ಪಾಂಡುರಂಗ ಬಂದಿದ್ದ. ಅವನ ಮುಂದೆ ಇಟ್ಟೆ. ಓದಿದ, ಮಡಿಸಿದ, ತಿರುಗಿ ಬಿಡಿಸಿ ಓದಿದ. ಈ ಸಲ ಊಟ ಮಾಡಿ ಹೋದ.

ಹರಕೆ ಎತ್ತಿದ್ದಕ್ಕೆ ನನಗೇನಾಗುತ್ತದೆಯೋ ಎಂದು ಊರ ಹೆಂಗಸರು ಒಂದು ತಿಂಗಳಿಂದ ಕಾಯುತ್ತಿದ್ದಾರೆ. ಮೊಣಕಾಲು ನೋವು ಸ್ವಲ್ಪ ಕಡಿಮೆಯಾಗಿದೆ. ಶೇಖವ್ವನ ಗಡಿಗೆ ನಮ್ಮ ಮನೆಯಲ್ಲಿಯೇ ಇದೆ. ತಿರುಗಿ ಕೊಡಲು ಹೋದರೆ, "ಇರಲಿ ಬಿಡ್ರಿ, ಮತ್ತ ಬೇಕಾಕ್ಕೈತಿ," ಎಂದಳು.

ಕೆರೆಯ ನೀರು ಇಳಿದಿದೆ. ಬೇಸಿಗೆಗೆ ಹೂಳು ಎತ್ತುತ್ತಾರೆ. ತೂಬಿನ ಬುಡದ ಹೂಳನ್ನು ಬಿಡಬೇಕೆಂದು ಹೇಳಿದ್ದೇನೆ. ಮಳೆಯಾದ ಕೂಡಲೇ ಹೊಸ ಹಗ್ಗ ಕಟ್ಟುತ್ತೇನೆ. ನೀನು ನಂಬರು ಹಾಕಿದ ಹೆಂಚು ಕಳಿಸು, ಒಂದನ್ನೂ ತೊಳೆಯುವುದಿಲ್ಲ. ಚಪ್ಪಡಿಯ ಕೆಳಗಿನ ಜಾಗ ಮಾತ್ರ ನನ್ನದು.

ತುಳಸಾಬಾಯಿ